ತವರಿನಿಂದ ಬಂದ ಮೇಲಿನ ರಾತ್ರಿಗಳು

ಬಾಣಂತನ ಮುಗಿಸಿ ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಬರುವುದು ನಮ್ಮ ಕಡೆಯ ರೂಢಿ. ತವರಲ್ಲಿ ಅಮ್ಮ ಇರುತ್ತಾರೆ, ಅಜ್ಜಿ ಇರುತ್ತಾರೆ. ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಮಗುವನ್ನು ಎತ್ತಿಕೊಂಡು ಹೋಗಿ ಬಾಣಂತಿಯನ್ನು ಮಲಗಿಸುತ್ತಾರೆ. ಗಂಡನ ಮನೆಗೆ ಬಂದ ದಿನದಿಂದ ಆ ಕೈಗಳೆಲ್ಲ ಇಲ್ಲವಾಗುತ್ತವೆ. ಮಗುವಿನ ನಿದ್ದೆಯೂ ಸರಿಯಾಗಿ ಅದೇ ಹೊತ್ತಿಗೆ ಕೆಡುತ್ತದೆ.

ಅದಕ್ಕೆ ಕಾರಣ ಹಾಲು ಸಾಲದಿರುವುದಲ್ಲ, ದೃಷ್ಟಿಯಾಗಿರುವುದೂ ಅಲ್ಲ. ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಮಗುವಿನ ನಿದ್ದೆಯ ರೀತಿಯೇ ಬದಲಾಗುತ್ತದೆ. ದೊಡ್ಡವರ ಹಾಗೆ ಹಗುರ ನಿದ್ದೆ, ಗಾಢ ನಿದ್ದೆ ಎಂಬ ಹಂತಗಳು ಮೂಡುತ್ತವೆ. ಒಂದು ಸುತ್ತು ಮುಗಿಯಲು ಸುಮಾರು ಒಂದು ಗಂಟೆ ಬೇಕು. ಸುತ್ತು ಮುಗಿದಾಗಲೆಲ್ಲ ಮಗು ಅರೆಎಚ್ಚರಕ್ಕೆ ಬಂದು, ತಾನು ನಿದ್ದೆ ಹೋದಾಗ ಇದ್ದದ್ದೆಲ್ಲ ಈಗಲೂ ಇದೆಯೇ ಎಂದು ಹುಡುಕುತ್ತದೆ. ಎದೆಯಲ್ಲಿ ಬಾಯಿಟ್ಟು ನಿದ್ದೆ ಹೋಗಿದ್ದರೆ ಎದೆ ಬೇಕು, ತೂಗುವಾಗ ನಿದ್ದೆ ಹೋಗಿದ್ದರೆ ತೂಗಬೇಕು. ಎರಡೂವರೆ ತಿಂಗಳಿಗೆ ಒಂದೇ ಸಮನೆ ನಾಲ್ಕೈದು ಗಂಟೆ ಮಲಗುತ್ತಿದ್ದ ಮಗು ಈಗ ಗಂಟೆಗೊಮ್ಮೆ ಏಳುವುದು ಇದರಿಂದಲೇ.

ಕೆಲಸಕ್ಕೆ ಹೋಗುವ ತಾಯಿಗೆ ಇದರ ಮೇಲೆ ಇನ್ನೊಂದು ಭಾರ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ಇದೆ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಆ ಎಂಟೂ ವಾರ ಮೊದಲೇ ಮುಗಿದಿದ್ದರೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳು ಚಿಲ್ಲರೆ. ತವರು ಬಿಡುವುದು, ಮಗುವಿನ ನಿದ್ದೆ ಕೆಡುವುದು, ರಜೆ ಮುಗಿಯುವುದು ಮೂರೂ ಒಂದೇ ತಿಂಗಳಲ್ಲಿ ಬಂದು ಬೀಳುತ್ತವೆ. ದೊಡ್ಡ ಮಗುವೊಂದು ಶಾಲೆಗೆ ಹೋಗುತ್ತಿದ್ದರಂತೂ ಬೆಳಿಗ್ಗೆ ಏಳೂವರೆಗೆ ಬಸ್ಸು, ಅದಕ್ಕೆ ಮೊದಲು ತಿಂಡಿ, ಡಬ್ಬಿ, ಜಡೆ, ಯೂನಿಫಾರ್ಮು.

ಈ ಪರಿಸ್ಥಿತಿಯಲ್ಲಿರುವ ತಾಯಿಗೆ ಎಲ್ಲರೂ ಹೇಳುವುದು "ಮಗು ಮಲಗಿದಾಗ ನೀನೂ ಮಲಗು" ಎಂದು. ಮಾತು ಕೇಳಲು ಚೆನ್ನ. ಆದರೆ ನಲವತ್ತು ನಲವತ್ತು ನಿಮಿಷದ ಹತ್ತು ತುಣುಕುಗಳನ್ನು ಕೂಡಿಸಿದರೆ ಆರೂವರೆ ಗಂಟೆಯ ಮೇಲಾದರೂ ಅದು ಆರೂವರೆ ಗಂಟೆಯ ನಿದ್ದೆಯಲ್ಲ. ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಮೈ ದಣಿವು ಆರಿಸುವ ಗಾಢ ನಿದ್ದೆಯ ಹೆಚ್ಚಿನ ಪಾಲು ಮೊದಲ ಎರಡು ಮೂರು ಸುತ್ತುಗಳಲ್ಲೇ ಬರುತ್ತದೆ. ನಡುವೆ ಎಬ್ಬಿಸಿದರೆ ಸುತ್ತು ಬಿಟ್ಟಲ್ಲಿಂದ ಮುಂದುವರಿಯುವುದಿಲ್ಲ, ಮತ್ತೆ ಹಗುರ ನಿದ್ದೆಯಿಂದ ಶುರು. ಹಾಗಾಗಿ ಒಟ್ಟು ಎಷ್ಟು ಗಂಟೆ ಎಂದು ಲೆಕ್ಕ ಹಾಕುವ ಮೊದಲು, ಯಾರೂ ಎಬ್ಬಿಸದ ನಾಲ್ಕು ಗಂಟೆ ತಾಯಿಗೆ ಸಿಗುತ್ತಿದೆಯೇ ಎಂದು ನೋಡಬೇಕು. ಆ ನಾಲ್ಕು ಗಂಟೆಯನ್ನು ಮೊದಲು ಗಟ್ಟಿ ಮಾಡಿಕೊಂಡು ಮನೆಯ ಉಳಿದೆಲ್ಲವನ್ನೂ ಅದರ ಸುತ್ತ ಹೊಂದಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಯಾವ ನಾಲ್ಕು ಗಂಟೆ? ಹೆಚ್ಚಿನ ಮನೆಗಳಿಗೆ ರಾತ್ರಿ 9ರಿಂದ 1 ಸರಿಹೊಂದುತ್ತದೆ. ಎಂಟೂ ಮುಕ್ಕಾಲಿಗೆ ಮಗುವಿಗೆ ಹಾಲು ಕೊಟ್ಟು, ತೇಗಿಸಿ, ಗಂಡನ ಕೈಗೆ ಒಪ್ಪಿಸಿ ತಾಯಿ ಬೇರೆ ಕೋಣೆಗೆ ಹೋಗಿ ಬಾಗಿಲು ಮುಚ್ಚಬೇಕು. ಅಡುಗೆಮನೆ ಒರೆಸುವುದು, ನಾಳೆಯ ಡಬ್ಬಿಗೆ ಹುರುಳಿಕಾಯಿ ಹೆಚ್ಚುವುದು, ಒಣಗಿದ ಬಟ್ಟೆ ಮಡಚುವುದು ಇವೆಲ್ಲ ಒಂಬತ್ತರ ನಂತರ ಗಂಡನ ಕೆಲಸ. "ಅವರು ಬೆಳಿಗ್ಗೆ ಆಫೀಸಿಗೆ ಹೋಗಬೇಕು, ಅವರಿಗೆ ನಿದ್ದೆ ಬೇಕು" ಎಂದು ಗಂಡನ ಹಾಸಿಗೆಯನ್ನು ನಡುಮನೆಗೆ ಸಾಗಿಸುವ ಮನೆಗಳಿವೆ. ಆ ಗಂಡಸು ನಡುಮನೆಯಲ್ಲಿ ಮಲಗಿ ಹನ್ನೆರಡರವರೆಗೆ ಮೊಬೈಲ್ ನೋಡುತ್ತಿರುತ್ತಾನೆ. ಹೇಗೂ ಎಚ್ಚರವಾಗಿರುವ ಆ ಹೊತ್ತು ಮಗುವಿಗೆ ಸಿಗಲಿ. ಒಂದಕ್ಕೆ ಮಲಗಿ ಏಳಕ್ಕೆ ಎದ್ದರೂ ಅವನಿಗೆ ಆರು ಗಂಟೆಯ ಇಡೀ ನಿದ್ದೆ ಆಗುತ್ತದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಮಾಡುವ ಗಂಡಸರು 97 ನಿಮಿಷವನ್ನೂ ಅದಕ್ಕೆ ಕೊಡುತ್ತಾರೆ ಎಂದು ಕಂಡುಬಂದಿತ್ತು. ಮೂರು ಪಟ್ಟು ವ್ಯತ್ಯಾಸ. ತಾಯಿಯ ನಾಲ್ಕು ಗಂಟೆ ಬರಬೇಕಾದದ್ದು ಈ ವ್ಯತ್ಯಾಸದೊಳಗಿಂದಲೇ.

ಗಂಡನದು ರಾತ್ರಿ ಪಾಳಿಯಾಗಿದ್ದರೆ ಹೊತ್ತು ಬದಲಾಗುತ್ತದೆ. ಅವನು ಬೆಳಿಗ್ಗೆ ಆರಕ್ಕೆ ಬಂದು ಎಂಟೂವರೆ ತನಕ ಇಬ್ಬರೂ ಮಕ್ಕಳನ್ನು ನೋಡಿಕೊಂಡು ಆಮೇಲೆ ಮಲಗಬಹುದು. ಆಗ ತಾಯಿ ಬೆಳಗಿನ ನಾಲ್ಕೂವರೆಯ ಹಾಲು ಕೊಟ್ಟು ಎಂಟೂವರೆಯವರೆಗೆ ಮಲಗಲು ಸಾಧ್ಯ. ಒಂದೇ ಕೋಣೆಯ ಮನೆಯಲ್ಲಿ ತಾಯಿ ಗೋಡೆ ಬದಿಗೆ, ತೊಟ್ಟಿಲು ಗಂಡನ ಬದಿಗೆ ಇರಲಿ. ತಾಯಿ ಕಿವಿಗೆ ಹತ್ತಿ ಇಟ್ಟುಕೊಂಡು ಫ್ಯಾನು ಜೋರು ಮಾಡಿಕೊಳ್ಳಲಿ. ಮಗುವಿನ ಸಣ್ಣ ಸದ್ದಿಗೂ ತಾಯಿಗೆ ಎಚ್ಚರವಾಗುತ್ತದೆ, ಆದ್ದರಿಂದ ಸದ್ದು ತಡೆಯುವುದು ಅತಿಯಾಯಿತು ಅನ್ನಿಸಿದರೂ ಮಾಡಿ.

ಇನ್ನು ಹಾಲಿನ ವಿಷಯ. ಹನ್ನೊಂದೂವರೆ ಹನ್ನೆರಡಕ್ಕೆ ಮಗು ಏಳುತ್ತದೆ, ಆಗ ಗಂಡ ಏನು ಕೊಡಬೇಕು? ಹಿಂಡಿಟ್ಟ ಎದೆಹಾಲು. ಬೆಳಗಿನ ಹೊತ್ತು ಹಾಲು ಹೆಚ್ಚಿರುತ್ತದೆ, ಹಾಗಾಗಿ ಬೆಳಗಿನ ಮೊದಲ ಹಾಲು ಕೊಟ್ಟ ಅರ್ಧ ಗಂಟೆ, ಮುಕ್ಕಾಲು ಗಂಟೆಯ ನಂತರ ಹಿಂಡುವುದು ಸುಲಭ. ನಾಲ್ಕು ತಿಂಗಳ ಮಗುವಿಗೆ ಒಂದು ಹೊತ್ತಿಗೆ 90ರಿಂದ 120 ಮಿಲಿ ಸಾಕು. ಒಂದೇ ಸಲಕ್ಕೆ ಅಷ್ಟು ಬರದಿದ್ದರೆ ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ. ಹೊಸದಾಗಿ ಹಿಂಡಿದ್ದನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿದ ಮೇಲೆಯೇ ಹಳೆಯದಕ್ಕೆ ಬೆರೆಸಿ. ಕುದಿಸಿ ಒಣಗಿಸಿದ, ಮುಚ್ಚಳವಿರುವ ಸ್ಟೀಲು ಅಥವಾ ಗಾಜಿನ ಪಾತ್ರೆಯಲ್ಲಿ ಹಾಕಿ ಫ್ರಿಜ್ಜಿನ ಒಳಗಡೆ ಹಿಂಬದಿಯಲ್ಲಿಡಿ. ಬಾಗಿಲಲ್ಲಿ ಬೇಡ, ತೆಗೆದು ಹಾಕುವಾಗೆಲ್ಲ ಅಲ್ಲಿ ಬಿಸಿ ತಾಗುತ್ತದೆ. ಫ್ರಿಜ್ಜಿನಲ್ಲಿ 4 ದಿನ, ಹೊರಗೆ 25 ಡಿಗ್ರಿಯೊಳಗಾದರೆ 4 ಗಂಟೆ ಕೆಡುವುದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಗೆ ಈ ನಾಲ್ಕು ಗಂಟೆಯ ಲೆಕ್ಕ ಹಿಡಿಯಬೇಡಿ, ನೇರ ಫ್ರಿಜ್ಜಿಗೆ ಇಡಿ.

ಕೊಡುವಾಗ ಒಲೆಯ ಮೇಲೆ ಕಾಯಿಸಬಾರದು, ಮೈಕ್ರೋವೇವೂ ಬೇಡ. ಬಿಸಿನೀರಿನ ಬೋಗುಣಿಯಲ್ಲಿ ಪಾತ್ರೆಯನ್ನು ಐದು ನಿಮಿಷ ಇಡಿ. ಮೇಲೆ ಕೆನೆ ನಿಂತು ಕೆಳಗೆ ನೀರಾಗಿ ಕಾಣುವುದು ಸಹಜ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಬಾಟಲಿಗಿಂತ ನಮ್ಮ ಒಳಲೆಯೇ ಒಳ್ಳೆಯದು, ತೊಳೆಯುವುದೂ ಸುಲಭ. ಮಗುವನ್ನು ತೊಡೆಯ ಮೇಲೆ ಸ್ವಲ್ಪ ನೆಟ್ಟಗೆ ಕೂರಿಸಿ, ಒಳಲೆಯ ಮೂತಿಯನ್ನು ಕೆಳತುಟಿಯ ಮೇಲಿಟ್ಟು ಹಾಲು ತುಟಿಗೆ ತಾಗುವಷ್ಟು ಓರೆ ಮಾಡಿ. ಮಗು ತಾನಾಗಿ ಹೀರಿಕೊಳ್ಳಬೇಕು, ನಾವು ಸುರಿಯಬಾರದು. ಸುರಿದರೆ ನೆತ್ತಿಗೇರುತ್ತದೆ. ಕುಡಿದು ಉಳಿದದ್ದನ್ನು ಎರಡು ಗಂಟೆಯ ಮೇಲೆ ಇಡಬೇಡಿ.

ಇಲ್ಲಿ ಹೆಚ್ಚಾಗಿ ಕೆಡುವ ಜಾಗ ಒಂದಿದೆ. ಮೊದಲ ರಾತ್ರಿಯೇ ಗಂಡ ಒಳಲೆ ಹಿಡಿದು ಕೂರುತ್ತಾನೆ, ಮಗು ಮುಖ ತಿರುಗಿಸಿ ಚೀರುತ್ತದೆ, ಹತ್ತು ನಿಮಿಷದಲ್ಲಿ ತಾಯಿ ಎದ್ದು ಬಂದು ಎದೆಗೆ ಹಾಕಿಕೊಳ್ಳುತ್ತಾಳೆ, ಅಲ್ಲಿಗೆ ಪ್ರಯತ್ನ ಮುಗಿಯುತ್ತದೆ. ಅರೆನಿದ್ದೆಯ ಹಸಿದ ಮಗು ಹೊಸದನ್ನು ಕಲಿಯುವುದಿಲ್ಲ. ಮೊದಲ ವಾರ ಹಗಲಿನಲ್ಲಿ, ತೀರಾ ಹಸಿವಾಗುವ ಮೊದಲು, ತಾಯಿ ಕಣ್ಣಿಗೆ ಬೀಳದ ಕಡೆ ಕೂತು ಗಂಡ ಅಭ್ಯಾಸ ಮಾಡಿಸಬೇಕು. ತಾಯಿಯ ಮೈಯೂ ಹೊಂದಿಕೊಳ್ಳಬೇಕು. ಒಂದು ಹೊತ್ತಿನ ಹಾಲು ತಪ್ಪಿದಾಗ ಮೊದಮೊದಲು ಎದೆ ಬಿಗಿದು ಎಚ್ಚರವಾಗುತ್ತದೆ. ಆಗ ಬಿಗಿತ ಇಳಿಯುವಷ್ಟು ಮಾತ್ರ ಹಿಂಡಿ ಮತ್ತೆ ಮಲಗಿ, ಪೂರ್ತಿ ಖಾಲಿ ಮಾಡಿದರೆ ಆ ಹೊತ್ತಿಗೆ ಮತ್ತೆ ಅಷ್ಟೇ ಹಾಲು ತುಂಬುತ್ತದೆ. ಎದೆಯಲ್ಲಿ ಗಂಟು, ಕೆಂಪು, ಜ್ವರ ಕಂಡರೆ ಡಾಕ್ಟರಿಗೆ ತೋರಿಸಿ, ಹಾಲು ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ. ಹೆರಿಗೆಯಾದ ಮೊದಲ ಆರು ವಾರ ಹಾಲು ನೆಲೆಗೊಳ್ಳುವ ಕಾಲ, ಆಗ ಈ ಏರ್ಪಾಡು ಬೇಡ.

ರಾತ್ರಿ ಒಂದರ ನಂತರದ ಪಾಳಿ ತಾಯಿಯದು. ಮಂಚದ ಪಕ್ಕ ಕೈಗೆಟಕುವಂತೆ ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಜೋಡಿಸಿಟ್ಟುಕೊಳ್ಳಿ: ಎರಡು ಲಂಗೋಟಿ ಅಥವಾ ಡೈಪರು, ಒರೆಸುವ ಮೆದು ಬಟ್ಟೆ, ಒಂದು ಒಣ ಅಂಗಿ, ತಾಯಿಗೆ ಒಂದು ಚೊಂಬು ನೀರು. ಕಪಾಟು ತೆಗೆಯಲು ದೊಡ್ಡ ದೀಪ ಹಾಕಿದರೆ ಮಗುವಿಗೂ ನಿಮಗೂ ನಿದ್ದೆ ಹಾರುತ್ತದೆ. ಹಳದಿ ಅಥವಾ ಕೆಂಪು ಜೀರೋ ಬಲ್ಬು ಸಾಕು. ಮಗು ಮುಲುಗಿದ ಕೂಡಲೇ ಎತ್ತಿಕೊಳ್ಳಬೇಡಿ. ಕಣ್ಣು ಮುಚ್ಚಿಕೊಂಡೇ ಕೈಕಾಲು ಆಡಿಸುವುದು, ಮುಕ್ಕುವುದು, ಒಂದೆರಡು ಸಲ ಕೊಸರುವುದು ನಿದ್ದೆಯೊಳಗಿನದೇ. ಎರಡು ನಿಮಿಷ ಕಾದರೆ ಎಷ್ಟೋ ಸಲ ತಾನಾಗಿಯೇ ಮಲಗುತ್ತದೆ. ಬರೀ ಒದ್ದೆಯಾಗಿದ್ದು ಡೈಪರು ತಡೆದುಕೊಂಡಿದ್ದರೆ ಬದಲಿಸಬೇಕಿಲ್ಲ. ಬದಲಿಸಲೇಬೇಕಾದರೆ ಹಾಲಿಗೆ ಮುಂಚೆ ಬದಲಿಸಿ. ಕುಡಿದು ಕಣ್ಣು ಮುಚ್ಚಿದ ಮಗುವಿನ ಕಾಲೆತ್ತಿದರೆ ಮತ್ತೆ ಮೊದಲಿನಿಂದ ತೂಗಬೇಕಾಗುತ್ತದೆ.

ತೋಳಲ್ಲಿ ಮಲಗಿದ ಮಗು ಹಾಸಿಗೆಗೆ ಇಟ್ಟ ಕೂಡಲೇ ಏಳುತ್ತದೆ ಎಂಬ ದೂರು ಪ್ರತಿ ಮನೆಯದು. ಜಪಾನಿನ ರಿಕೆನ್ ಸಂಸ್ಥೆಯವರು ಇದನ್ನೇ ಅಳೆದು ನೋಡಿ 2022ರಲ್ಲಿ ಪ್ರಕಟಿಸಿದ್ದಾರೆ. ಅಳುವ ಮಗುವನ್ನು ಎತ್ತಿಕೊಂಡು ಒಂದೇ ಸಮನೆ 5 ನಿಮಿಷ ನಡೆಯುವುದು, ನಿದ್ದೆ ಹತ್ತಿದ ಮೇಲೆ ಎತ್ತಿಕೊಂಡೇ 5ರಿಂದ 8 ನಿಮಿಷ ಕೂರುವುದು, ಆಮೇಲೆ ಮಲಗಿಸುವುದು. ಮಗು ಎಚ್ಚರವಾಗುವುದು ಬೆನ್ನು ಹಾಸಿಗೆಗೆ ತಾಗಿದಾಗಲ್ಲ, ನಮ್ಮ ಮೈಯಿಂದ ಬಿಡಿಸಿಕೊಳ್ಳಲು ಶುರುವಾದಾಗ ಎಂದೂ ಅವರು ಕಂಡುಕೊಂಡರು. ಆದ್ದರಿಂದ ಬಗ್ಗುವಾಗ ಮಗು ಎದೆಗೆ ಒತ್ತಿಕೊಂಡೇ ಇರಲಿ, ಹಾಸಿಗೆಗೆ ತಾಗಿದ ಮೇಲೂ ಒಂದು ನಿಮಿಷ ಅದರ ಎದೆಯ ಮೇಲೆ ಅಂಗೈ ಇಟ್ಟಿರಿ. ಕೂತು ಕಾಯುವ ಆ ಎಂಟು ನಿಮಿಷವನ್ನೇ ಆತುರದಲ್ಲಿ ಎಲ್ಲರೂ ಬಿಡುವುದು.

ನಿದ್ದೆಗೆಟ್ಟ ಮನೆಯಲ್ಲಿ ಅಪಾಯ ಇರುವುದು ತಾಯಿ ಕೂತಲ್ಲೇ ತೂಕಡಿಸುವುದರಲ್ಲಿ. ಸೋಫಾದಲ್ಲಿ, ಕುರ್ಚಿಯಲ್ಲಿ ಹಾಲು ಕೊಡುತ್ತಾ ಕಣ್ಣು ಮುಚ್ಚಿಹೋದರೆ ಮಗು ಸಂದಿಗೆ ಜಾರಿ ಉಸಿರು ಕಟ್ಟಬಹುದು. ತೂಕಡಿಕೆ ಬರುವ ಹಾಗಿದ್ದರೆ ಕೂರಲೇಬೇಡಿ, ಗಟ್ಟಿ ಹಾಸಿಗೆಯ ಮೇಲೆ ದಿಂಬು, ರಗ್ಗು ದೂರ ಸರಿಸಿ ಮಗ್ಗುಲಿಗೆ ಮಲಗಿ ಹಾಲು ಕೊಡಿ. ಆಮೇಲೆ ಮಗುವನ್ನು ಅಂಗಾತ ಮಲಗಿಸಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು ರಾತ್ರಿ ಬೇಡ. ಕುಡಿದವರು, ಬೀಡಿ ಸಿಗರೇಟು ಸೇದುವವರು ಮಗುವಿನ ಹಾಸಿಗೆಯಲ್ಲಿ ಮಲಗಬಾರದು.

ಬೆಳಗಿನ ಜಾವ ಅತ್ತೆ ಮಾವ ಇರುವ ಮನೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ, ಅದನ್ನು ಬಳಸಿಕೊಳ್ಳುವುದೇ ಕಡಿಮೆ. ಹಿರಿಯರಿಗೆ ಐದಕ್ಕೇ ಎಚ್ಚರವಾಗಿರುತ್ತದೆ. ಕಾಫಿ ಕುಡಿದು ಸುಪ್ರಭಾತ ಹಾಕಿ ಕೂತಿರುತ್ತಾರೆ. "ಅತ್ತೆ, ಐದೂವರೆಗೆ ಹಾಲು ಕೊಟ್ಟು ಮಗೂನ ನಿಮ್ಮ ಕೈಗೆ ಕೊಡ್ತೀನಿ, ಏಳರ ತನಕ ನೋಡ್ಕೊಳ್ತೀರಾ? ನಾನು ಒಂದೂವರೆ ಗಂಟೆ ಮಲಗಿರ್ತೀನಿ" ಎಂದು ಹೊತ್ತು ಹೇಳಿ ಕೇಳಿ. "ಸ್ವಲ್ಪ ಸಹಾಯ ಮಾಡಿ" ಎಂದರೆ ಏನು ಮಾಡಬೇಕೆಂದು ಅವರಿಗೂ ತಿಳಿಯುವುದಿಲ್ಲ. ಸೊಸೆ ಆರಕ್ಕೆ ಮಲಗಿದ್ದಾಳೆ ಎಂಬ ಮಾತು ಬರುವ ಮನೆಯಾದರೆ ಈ ಕೋರಿಕೆ ಮಗನ ಬಾಯಿಂದ ಬರಬೇಕು, ಸೊಸೆಯ ಬಾಯಿಂದಲ್ಲ. ರಾತ್ರಿಯ ನಾಲ್ಕು ಗಂಟೆ, ಮಧ್ಯದ ಒಂದೆರಡು ಗಂಟೆ, ಬೆಳಗಿನ ಈ ಒಂದೂವರೆ ಕೂಡಿದರೆ ತಾಯಿಯ ದಿನ ನಡೆಯುತ್ತದೆ. ಇಬ್ಬರೇ ಇರುವ ಮನೆಯಲ್ಲಿ ಈ ಒಂದೂವರೆ ಗಂಟೆ ಸಿಗುವುದು ಅಡುಗೆಮನೆಯಿಂದ.

ಐದಕ್ಕೆ ಎದ್ದು ತಿಂಡಿಗೆ ತೆಂಗಿನಕಾಯಿ ತುರಿಯುವುದು, ಡಬ್ಬಿಗೆ ಪಲ್ಯ, ಮಧ್ಯಾಹ್ನಕ್ಕೆ ಹುಳಿ ಎಂದು ಮಾಡಿದರೆ ಎರಡು ಗಂಟೆ ಬೇಕು. ತಿಂಡಿ ಡಬ್ಬಿ ಎರಡಕ್ಕೂ ಒಂದೇ ಮಾಡಿ, ವಾರಕ್ಕೆ ಐದು ತಿಂಡಿಯನ್ನು ಭಾನುವಾರ ಗಂಡ ಹೆಂಡತಿ ಸೇರಿ ಮುಕ್ಕಾಲು ಪಾಲು ಮುಗಿಸಿಟ್ಟರೆ ಬೆಳಗಿನ ಕೆಲಸ ಅರ್ಧ ಗಂಟೆಗೆ ಇಳಿಯುತ್ತದೆ. ದೋಸೆ ಹಿಟ್ಟು: ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಬೇಸಿಗೆಯಲ್ಲಿ ಎಂಟು ಗಂಟೆಗೆ ಹುದುಗುತ್ತದೆ, ಚಳಿಗಾಲದಲ್ಲಿ ಹನ್ನೆರಡರ ಮೇಲೆ ಬೇಕು. ಹುದುಗಿದ ತಕ್ಷಣ ಫ್ರಿಜ್ಜಿಗೆ ಇಟ್ಟರೆ ನಾಲ್ಕು ದಿನ ಹುಳಿಯಾಗದೆ ಬರುತ್ತದೆ. ಎರಡು ದಿನದ ತಿಂಡಿ ಅಲ್ಲಿಗೆ ಆಯಿತು. ಉಪ್ಪಿಟ್ಟಿನ ರವೆಯನ್ನು ಒಗ್ಗರಣೆ ಸಮೇತ ಹುರಿದು ಡಬ್ಬಿಗೆ ತುಂಬಿಡಿ: ಕಾಲು ಕಿಲೋ ರವೆಗೆ ಮೂರು ಚಮಚ ಎಣ್ಣೆ, ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕರಿಬೇವು, ಒಣಮೆಣಸಿನಕಾಯಿ. ಕರಿಬೇವು ಗರಿಗರಿಯಾಗುವ ತನಕ ಹುರಿಯಬೇಕು, ತೇವ ಉಳಿದರೆ ಮುಗ್ಗಲು ವಾಸನೆ ಬರುತ್ತದೆ. ಬೆಳಿಗ್ಗೆ ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು ಕುದಿಸಿ ಹಾಕಿದರೆ ಹತ್ತು ನಿಮಿಷ. ಪುಳಿಯೋಗರೆ ಗೊಜ್ಜು ಇದ್ದರೆ ಒಂದು ದಿನ ಬರೀ ಅನ್ನದ ಕೆಲಸ. ತೆಂಗಿನಕಾಯಿ ತುರಿಯನ್ನು ಒಂದೊಂದು ಬಟ್ಟಲಿನಷ್ಟು ಬೇರೆ ಬೇರೆ ಕಟ್ಟಿ ಫ್ರೀಜರಿನಲ್ಲಿಡಿ, ಒಟ್ಟಿಗೆ ಇಟ್ಟರೆ ಗಡ್ಡೆಯಾಗಿ ಬೆಳಿಗ್ಗೆ ಒಡೆಯುತ್ತಾ ನಿಲ್ಲಬೇಕಾಗುತ್ತದೆ. ರಾತ್ರಿಯೇ ಅಕ್ಕಿಯನ್ನು ಅಳೆದು ಒಣದಾಗಿಯೇ ಪಕ್ಕಕ್ಕಿಟ್ಟಿರಿ, ಮೊದಲು ಎದ್ದವರು ತೊಳೆದು ಕುಕ್ಕರ್ ಇಡಬೇಕು. ರಾತ್ರಿಯಿಡೀ ನೀರಲ್ಲಿ ನೆನೆಹಾಕಿದರೆ ಸೆಕೆಗಾಲದಲ್ಲಿ ಅಕ್ಕಿ ಹುಳಿ ವಾಸನೆ ಹಿಡಿಯುತ್ತದೆ.

ದೊಡ್ಡ ಮಗುವಿಗೆ ಆರು ವರ್ಷ ದಾಟಿದ್ದರೆ 9ರಿಂದ 12 ಗಂಟೆ ನಿದ್ದೆ ಬೇಕು. ಆರೂವರೆಗೆ ಏಳಬೇಕಾದರೆ ಒಂಬತ್ತಕ್ಕೆ ನಿದ್ದೆ ಹೋಗಿರಬೇಕು. ಎಂಟೂವರೆಗೆ ಟೀವಿ ಆರಿಸದ ಮನೆಯಲ್ಲಿ ತಾಯಿಯ ಒಂಬತ್ತು ಗಂಟೆಯೂ ನಡೆಯುವುದಿಲ್ಲ.

ಹಗಲು ಮಲಗಿದರೆ ಮೈ ಊದುತ್ತದೆ, ಶೀತವಾಗುತ್ತದೆ ಎಂದು ಕೆಲವು ಮನೆಗಳಲ್ಲಿ ಬಿಡುವುದಿಲ್ಲ. ಅದಕ್ಕೆ ಆಧಾರವಿಲ್ಲ. ಮಲಗಿ, ಆದರೆ 20 ನಿಮಿಷ ಅಥವಾ ಪೂರ್ತಿ ಒಂದೂವರೆ ಗಂಟೆ. ಮುಕ್ಕಾಲು ಗಂಟೆಗೆ ಎದ್ದರೆ ಗಾಢ ನಿದ್ದೆಯ ನಡುವಿನಿಂದ ಎದ್ದ ಹಾಗಾಗಿ ತಲೆ ಭಾರ, ಸಿಡುಕು. ಮೂರರ ನಂತರ ಬೇಡ, ಒಂಬತ್ತಕ್ಕೆ ನಿದ್ದೆ ಬರುವುದಿಲ್ಲ. ಕಾಫಿಯನ್ನೂ ಎರಡು ಗಂಟೆಗೆ ಮುಗಿಸಿ. ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆ ಕಳೆದ ಮೇಲೂ ಮೈಯಲ್ಲಿ ಉಳಿದಿರುತ್ತದೆ. ಸಂಜೆ ಐದರ ಸ್ಟ್ರಾಂಗ್ ಕಾಫಿ ರಾತ್ರಿಯ ಆ ನಾಲ್ಕು ಗಂಟೆಯ ನಿದ್ದೆಗೆ ಕಲ್ಲು ಹಾಕುತ್ತದೆ.

ಸುಸ್ತಿಗೆಲ್ಲ ನಿದ್ದೆಗೇಡೇ ಕಾರಣ ಎಂದು ಬಿಟ್ಟುಬಿಡುವುದು ಸರಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಹೆರಿಗೆಯ ನಂತರವೂ 180 ದಿನ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುತ್ತಾರೆ. ತವರು ಬಿಟ್ಟ ದಿನವೇ ಹಲವರದು ಅದು ನಿಂತುಹೋಗಿರುತ್ತದೆ. ನುಂಗುವವರೂ ತಿಂಡಿ ಕಾಫಿಯ ಜೊತೆ ನುಂಗುತ್ತಾರೆ, ಆಗ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವಕ್ಕೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ನಿಂಬೆ ನೀರಿನ ಜೊತೆ ತೆಗೆದುಕೊಂಡರೆ ಒಳ್ಳೆಯದು. ರಾತ್ರಿ ಮಲಗಿದ ಕೂಡಲೇ ಕಾಲಲ್ಲಿ ಏನೋ ಹರಿದಾಡಿದ ಹಾಗಾಗಿ ಆಡಿಸುತ್ತಲೇ ಇರಬೇಕು ಅನ್ನಿಸುವುದಕ್ಕೂ ಕಬ್ಬಿಣದ ಕೊರತೆ ಕಾರಣವಿರಬಹುದು. ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಕೂಡ ನೋಡಿಸಿ. ಹೆರಿಗೆಯಾದ ವರ್ಷದೊಳಗೆ ಥೈರಾಯ್ಡ್ ಏರುಪೇರಾಗುವುದೂ ಇದೆ, ಟಿಎಸ್‌ಎಚ್ ಪರೀಕ್ಷೆಗೆ ಕೇಳಿ.

ಮಗು ಮಲಗಿದೆ, ನೋಡಿಕೊಳ್ಳುವವರೂ ಇದ್ದಾರೆ, ಬಾಗಿಲೂ ಮುಚ್ಚಿದೆ, ಆದರೂ ನಿದ್ದೆ ಬರುತ್ತಿಲ್ಲ ಎನ್ನುವುದು ಬೇರೆಯೇ ವಿಷಯ. ಎರಡು ವಾರದ ಮೇಲೂ ಅಳು, ಭಯ, ಏನೂ ಬೇಡ ಅನ್ನಿಸುವುದು ಇದ್ದರೆ ಅದು ಹೆರಿಗೆಯ ನಂತರದ ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡು ಇದೆ. ಎರಡು ಮೂರು ರಾತ್ರಿ ಮಲಗದೆಯೂ ನಿದ್ದೆಯೇ ಬೇಡ ಎಂಬಂತೆ ಓಡಾಡುವುದು, ಸಂಬಂಧವಿಲ್ಲದ ಮಾತು, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಕಂಡರೆ ಮನೆಯವರು ಬೆಳಗಾಗಲಿ ಎಂದು ಕಾಯಬಾರದು, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಶಾಲೆಗೆ ಸ್ಕೂಟರಿನಲ್ಲಿ ಬಿಡುವ ತಾಯಂದಿರಿಗೆ ಒಂದು ಮಾತು. 17 ಗಂಟೆ ಒಂದೇ ಸಮ ಎಚ್ಚರವಾಗಿರುವವರ ಕೈಚಳಕ, ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟಕ್ಕೆ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ನಮ್ಮ ಕಾನೂನಿನ ಮಿತಿ ಶೇ. 0.03. ರಾತ್ರಿಯಿಡೀ ಕೂತು ಬೆಳಗು ಮಾಡಿದ ದಿನ ಗಾಡಿ ಮುಟ್ಟಬೇಡಿ, ಆಟೋ ಹಿಡಿಯಿರಿ, ಅಥವಾ ಪಕ್ಕದ ಮನೆಯವರ ಜೊತೆ ಮಗುವನ್ನು ಕಳಿಸಿ. ಅಂಥ ಒಂದು ಮನೆಯೊಂದಿಗೆ ಮೊದಲೇ ಮಾತಾಡಿಟ್ಟುಕೊಂಡಿರಿ.

ಕೆಲಸಕ್ಕೆ ಮರಳುವವರು ಈ ಪಾಳಿಯನ್ನು ರಜೆ ಮುಗಿಯುವ ಮೂರು ವಾರ ಮೊದಲೇ ಶುರು ಮಾಡಿ. ಮಗುವಿಗೆ ಒಳಲೆ ರೂಢಿಯಾಗಲು ಒಂದು ವಾರ, ಎದೆಯ ಬಿಗಿತ ಸರಿಹೋಗಲು ಇನ್ನೊಂದು ವಾರ ಹಿಡಿಯುತ್ತದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ದಿನಕ್ಕೆ ನಾಲ್ಕು ಸಲ ಮಗುವಿನ ಬಳಿ ಹೋಗಿಬರಲು ತಾಯಿಗೆ ಬಿಡಬೇಕು ಎಂದು ಕಾನೂನು ಹೇಳುತ್ತದೆ. ಸೇರುವ ಮೊದಲೇ ಬರಹದಲ್ಲಿ ಕೇಳಿ. ಆರು ತಿಂಗಳಾದ ಮೇಲೆ ರಾಗಿ ಸರಿ ಶುರುವಾಗುತ್ತದೆ. ರಾತ್ರಿ ಹೊಟ್ಟೆ ತುಂಬ ಸರಿ ತಿನ್ನಿಸಿದರೆ ಬೆಳಗಿನವರೆಗೆ ಮಲಗುತ್ತದೆ ಎಂದು ಮಲಗುವ ಹೊತ್ತಿಗೆ ತುರುಕಬೇಡಿ. ಮಗು ಏಳುವುದು ಹಸಿವಿಗೊಂದೇ ಅಲ್ಲ, ತುಂಬಿದ ಹೊಟ್ಟೆಗೆ ಉಬ್ಬರವಾಗಿ ಇನ್ನೂ ಹೆಚ್ಚು ಅಳುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಎರಡು ಮೂರು ಚಮಚದಿಂದ ಶುರು ಮಾಡಿ. ಒಂಬತ್ತರಿಂದ ಒಂದರ ಗಂಡನ ಪಾಳಿ ಮಾತ್ರ ಮಗು ಆ ಹೊತ್ತಿನಲ್ಲಿ ಏಳುವುದನ್ನು ತಾನಾಗಿ ಬಿಡುವ ತನಕ ಹಾಗೆಯೇ ನಡೆಯಲಿ.